ಎದ್ದೆ ಎನ್ನುವವರಿಲ್ಲದ ಶಾಲೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಓದಿದ ಕಾಲದಲ್ಲಿ ಪೀಠಿಕೆಯಿಲ್ಲದ ಬರವಣಿಗೆಗೆ ಮೇಷ್ಟರು ಸೊನ್ನೆ ಕೊಡುತ್ತಿದ್ದರು. ಆದ್ದರಿಂದ, ಓದುಗ ಮಹಾಶಯರೇ, ಒಂದು ಗೆಲುವನ್ನೇ ಪೀಠಿಕೆಯಾಗಿ ಇಡುತ್ತೇನೆ. (ಗೆಲುವಿನಿಂದ ಹೊರಟ ಕಥೆ ಎತ್ತ ಸಾಗುತ್ತದೆಂದು ನೀವು ಬಲ್ಲಿರಿ. ಅರಿಯದವರಂತೆ ಓದಿ.)

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಪಟ್ಟಣದ ಹೊರಗೆ, ಧನಗೆರೆಯ ದಾರಿಯಲ್ಲಿ, ನೇಯ್ಗೆಯನ್ನೂ ಚಿತ್ರವಿನ್ಯಾಸವನ್ನೂ ಕಲಿಸುವ ಶಾಲೆಯೊಂದನ್ನು ರೂಪಿಸುವ ಹೊಣೆ ಷಡಕ್ಷರಿಯೆಂಬ ಡ್ರಾಯಿಂಗ್ ಮೇಷ್ಟರ ಪಾಲಿಗೆ ಬಂತು. ಅವರ ಪ್ಲಾನಿನಲ್ಲಿ ಸಿಮೆಂಟಿರಲಿಲ್ಲ, ಫ್ಯಾನಿರಲಿಲ್ಲ. ಅಗೆದ ಮಣ್ಣೇ ಗೋಡೆ. ಸೂರಿನ ಮಳೆನೀರು ಅಂಗಳದ ಕೊಳಕ್ಕೆ; ಕೊಳದ ಮೇಲಿಂದ ಬೀಸುವ ಗಾಳಿ ಮಗ್ಗದ ಹಜಾರಕ್ಕೆ; ಬಣ್ಣದ ಮನೆಯ ನೀರು ಮರಳಿನಲ್ಲಿ ಸೋಸಿ ಹಿಪ್ಪುನೇರಳೆ ತೋಟಕ್ಕೆ.

ಮೇಲಧಿಕಾರಿ ನಕ್ಕರು. ಅವರಿಗೆ ಶೀಟಿನ ಶೆಡ್ಡು ಬೇಕಿತ್ತು. ಷಡಕ್ಷರಿ ವಾದಿಸಲಿಲ್ಲ. ನಡುಬೇಸಗೆಯಲ್ಲಿ ಒಂದು ಶೀಟಿನ ಶೆಡ್ಡಿನಲ್ಲೂ ಒಂದು ಮಣ್ಣಿನ ಕೋಣೆಯಲ್ಲೂ ರೇಷ್ಮೆಯ ಹಾಸು, ಅಂದರೆ ಮಗ್ಗದ ಉದ್ದೆಳೆಗಳನ್ನು, ಬಿಗಿಸಿ, ಅಧಿಕಾರಿಯನ್ನು ಕರೆತಂದು ಕೂರಿಸಿದರು. ಶೆಡ್ಡಿನ ಎಳೆಗಳು ಅವರ ಕಣ್ಣೆದುರೇ ಒಣಗಿ ಪಟಪಟನೆ ಕಿತ್ತುಹೋದವು. ಮಣ್ಣಿನ ಕೋಣೆಯಲ್ಲಿ ಒಂದೆಳೆಯೂ ಅಲುಗಲಿಲ್ಲ.

ಅಧಿಕಾರಿ ಬೆವರೊರೆಸಿಕೊಂಡು ಮಂಜೂರಾತಿಗೆ ರುಜು ಹಾಕಿದರು, ಒಂದು ಷರತ್ತಿನೊಡನೆ. "ಆರಂಭದ ದಿನ ನಾನು ಬಂದಾಗ ಮಗ್ಗಗಳು ನಡೆಯುತ್ತಿರಬೇಕು. ಇಲ್ಲವಾದರೆ ಈ ಮಣ್ಣನ್ನು ಕೆಡವಿಸಿ ಶೀಟು ಹಾಕಿಸುತ್ತೇನೆ."

೨

ಇಲ್ಲಿಗೆ ಕೆಂಪಾಜಮ್ಮನವರು ಬರಬೇಕು. ಗಂಡ ತೀರಿಕೊಂಡ ಮೇಲೆ ಮಗ್ಗಕ್ಕೆ ಕೂತು ಹೆಸರಾದವರು, ಶಾಲೆಗೆ ನೇಯ್ಗೆ ಕಲಿಸಲು ನೇಮಕಗೊಂಡವರು. ಮೊದಲ ಕರಡಿನಲ್ಲಿ ಅವರನ್ನು ಮಿತಭಾಷಿಯೆಂದು ಚಿತ್ರಿಸಿದ್ದೆ.

"ಮಿತಭಾಷಿನಾ, ನಾನಾ?" ಎಂದು ಪಾತ್ರವೇ ತಕರಾರು ತೆಗೆಯಿತು. "ನಮ್ ಕೇರೀಲಿ ಒಸಿ ಕೇಳ್ಕಂಡ್ ಬಂದು ಬರೀರಿ ಸಾ. ನಾನ್ ಬಾಯ್ ಬುಟ್ರೆ ಲಾಳಿನೂ ನಿಂತ್ಕತದೆ ಅಂತಾರೆ."

ಆ ಕರಡನ್ನು ಹರಿದೆ.

೩

ಶಾಲೆಗೆ ಗೊತ್ತುಮಾಡಿದ ನೆಲದಲ್ಲಿ ಹಿಂದೆ ನೇಕಾರರ ಕೇರಿಯೊಂದಿತ್ತು. ಜನ ಯಾವುದೋ ಕಾಲದಲ್ಲಿ ಸೇಲಂ ಕಡೆ ಹೊರಟುಹೋಗಿದ್ದರು. ಪೊದೆ ಕಡಿದಾಗ ನಾಲ್ಕು ಕುಣಿಗಳು ಬಾಯಿ ತೆರೆದುಕೊಂಡವು. ನೆಲದ ಅಂಚಿನಲ್ಲಿ ಕೂತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ತಳದ ಹಲಗೆಗಳನ್ನು ತುಳಿಯುತ್ತ ನೇಯುವ ಕುಣಿಮಗ್ಗದ ಕುಣಿಗಳು. ಸುತ್ತ ಮೊಣಕಾಲಾಳ ಅಗೆದರೆ ಬಂಡೆ, ಹೊಸ ಕುಣಿ ತೋಡುವಂತಿರಲಿಲ್ಲ. ಇರುವುದನ್ನು ಹಾಳುಮಾಡದಿರುವುದೇ ಷಡಕ್ಷರಿಯವರ ಧರ್ಮ. ಆ ನಾಲ್ಕನ್ನೂ ಉಳಿಸಿಕೊಂಡು ಹಜಾರದ ನಕ್ಷೆ ಎಳೆದರು.

"ಕುಣಿ ಚೆಂದಾಗದೆ, ತ್ಯಾವ ಇಡೀತದೆ," ಎಂದರು ಕೆಂಪಾಜಮ್ಮ. "ಆದ್ರೆ ನಮ್ಮಲ್ಲಿ ಒಂದು ರೂಢಿ ಅದೆ ಸಾ. ಒಬ್ರು ಕೂತಿದ್ ಕುಣಿಗೆ ಇನ್ನೊಬ್ರು ಕಾಲು ಇಳಿಸ್ಬೇಕಾದ್ರೆ, ಮೊದ್ಲು ಆ ಕೂತಿದ್ದೋರ ಮನೆಯೋರು ಬಂದು, ಕಾಲು ಇಳಿಸಿ ಎತ್ಕಂಡು, 'ಎದ್ದೆ' ಅನ್ಬೇಕು."

"ಅವರ ಮನೆಯವರು ಯಾರಿದ್ದಾರೆ?"

"ಯಾರೂ ಇಲ್ಲ."

"ಇಲ್ಲದವರ ಅಪ್ಪಣೆಗೆ ಕಾಯುವುದು ಹೇಗೆ, ಕೆಂಪಾಜಮ್ಮ?"

"ಅದೂ ಸರಿಯೇ ಬುಡಿ," ಎಂದರು ಆಕೆ.

(ಇಬ್ಬರೂ ಬುದ್ಧಿವಂತರು. ಆದ್ದರಿಂದಲೇ ಇಬ್ಬರೂ ಒಮ್ಮೆಲೇ ಎಡವಿದರು.)

೪

ಆರಂಭಕ್ಕೆ ಎರಡು ದಿನ ಮುಂಚೆ ಹಾಸು ಹೂಡಿ, ಬಂಡಳ್ಳಿಯಿಂದ ಕಲಿಯಲು ಬಂದಿದ್ದ ಪುಟ್ಟಮಲ್ಲಮ್ಮನೆಂಬ ಹುಡುಗಿಯನ್ನು ಮೊದಲ ಮಗ್ಗಕ್ಕೆ ಕೂರಿಸಿದರು. ಅವಳು ಕಾಲಿಳಿಸಿದಳು. ಇಳಿಸಿದಷ್ಟೇ ಮೆಲ್ಲಗೆ ಎತ್ತಿಕೊಂಡಳು.

"ಅಮ್ಮಾ, ಇಲ್ಲಿ ಯಾರೋ ಆಗ್ಲೇ ಕೂತವ್ರೆ."

"ಯಾರೇ?"

"ಮಕ ಕಾಣಕಿಲ್ಲ. ಬರೀ ಕಾಲು. ಬೆಚ್ಚಗವೆ."

"ಇಲಿ ಇರ್ಬೇಕು ಕಣೆ," ಎಂದು ಹಿಂದಿನಿಂದ ಒಬ್ಬಳು ನಕ್ಕಳು.

"ಇಲಿ ಅಲಗೆ ತುಳೀತದಾ? ಬಾ, ನೀನೇ ಕೂತ್ಕೊ."

ನಕ್ಕವಳು ಕೂತಳು. ಆಮೇಲೆ ಯಾರೂ ನಗಲಿಲ್ಲ. ಷಡಕ್ಷರಿ ಲಾಂದ್ರ ಇಳಿಸಿ ನೋಡಿದರು. ಕುಣಿ ಖಾಲಿಯಿತ್ತು. ಹಲಗೆಗಳಲ್ಲಿ ಒಂದು ಮಾತ್ರ, ಯಾರೋ ಒತ್ತಿಹಿಡಿದಂತೆ, ತಳಕ್ಕೆ ಅಂಟಿಕೊಂಡಿತ್ತು.

೫

ಈ ಹಂತದಲ್ಲಿ ಕಥೆಯನ್ನು ಉಳಿಸಲು ನಾನು ಕೆಲವು ಉಪಾಯ ಮಾಡಿದ್ದುಂಟು. ಒಂದು ಕರಡಿನಲ್ಲಿ, ಆರಂಭದ ಹಿಂದಿನ ಸಂಜೆ ಸೇಲಂ ಬಸ್ಸಿನಿಂದ ಮುದುಕನೊಬ್ಬ ಇಳಿಯುತ್ತಾನೆ. ಆ ಕೇರಿಯ ಕೊನೆಯ ಕುಡಿ. ಕಾಲಿಳಿಸಿ "ಎದ್ದೆ" ಎನ್ನುತ್ತಾನೆ. ಎಲ್ಲರ ಕಣ್ಣಲ್ಲೂ ನೀರು.

"ಅಷ್ಟ್ ವರ್ಸದಿಂದ ಬರ್ದೇ ಇದ್ದೋನು ನಿಮ್ ಕತೆಗೋಸ್ಕರ ಬಸ್ ಚಾರ್ಜ್ ಕೊಟ್ಕಂಡ್ ಬತ್ತಾನಾ ಸಾ?" ಎಂದರು ಕೆಂಪಾಜಮ್ಮ.

ಮುದುಕನನ್ನು ವಾಪಸು ಬಸ್ಸು ಹತ್ತಿಸಿದೆ. ಕರಡುಗಳನ್ನು ಕೇಳಿಸಿಕೊಳ್ಳಲು ನನ್ನ ಮುಂದೆ ಕೂರುವವಳು ಹೈಸ್ಕೂಲು ಓದುವ ಮೊಮ್ಮಗಳು ವಿಜಯಮ್ಮ. ಅವಳೂ ಮುದುಕನನ್ನು ನಂಬಲಿಲ್ಲ. ಹಾಗಾಗಿ ನಡೆದದ್ದೆಂದು ನಾನು ನಂಬುವುದನ್ನೇ ಬರೆಯಬೇಕಾಯಿತು.

೬

ಅಧಿಕಾರಿ ಜೀಪಿನಿಂದ ಇಳಿದಾಗ ಹಜಾರ ತಂಪಾಗಿತ್ತು. ಕೊಳದ ಬೆಳಕು ಸೂರಿನಲ್ಲಿ ಆಡುತ್ತಿತ್ತು. ಹುಡುಗಿಯರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು.

"ಮಗ್ಗ ಏಕೆ ನಿಂತಿವೆ, ಮೇಷ್ಟ್ರೇ?"

ಜನ್ಮದಲ್ಲಿ ಲಾಳಿ ಮುಟ್ಟದ ಷಡಕ್ಷರಿ ಕೋಟು ಕಳಚಿದರು. ಮೊದಲ ಕುಣಿಯ ಅಂಚಿನಲ್ಲಿ ಕೂತು ಕಾಲಿಳಿಸಿದರು. ಅವರ ಅಂಗಾಲಿಗೆ ಹಲಗೆ ಸಿಗಲಿಲ್ಲ. ಎರಡು ಪಾದಗಳ ಮೇಲ್ಭಾಗ ಸಿಕ್ಕಿತು. ಆ ಪಾದಗಳಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ಸೀಟಿನಲ್ಲಿ ಒಬ್ಬರಿಗೆ ಜಾಗ ಬಿಡುವವರಂತೆ ತುಸು ಸರಿದವು, ಸರಿದು ತುಳಿಯತೊಡಗಿದವು. ಷಡಕ್ಷರಿ ಮಾಡಬೇಕಾದದ್ದು ಲಾಳಿ ಎಸೆಯುವುದಷ್ಟೇ. ಬಟ್ಟೆ ಬೆಳೆಯಿತು.

ಆಗ ಉಳಿದ ಮೂರು ಮಗ್ಗಗಳ ಹಲಗೆಗಳೂ ತಮ್ಮಷ್ಟಕ್ಕೆ ಏರಿಳಿಯತೊಡಗಿದವು.

"ಕೂತ್ಕಳ್ರೇ ಲೇ, ಸಾಹೇಬ್ರು ನೋಡ್ತಾವ್ರೆ," ಎಂದು ಕೆಂಪಾಜಮ್ಮ ಹಲ್ಲುಕಚ್ಚಿ ಪಿಸುಗುಟ್ಟಿದರು. ಹುಡುಗಿಯರು ಓಡಿಹೋಗಿ ಕೂತರು, ಚಕ್ಕಳಮಕ್ಕಳ ಹಾಕಿಕೊಂಡು. ಕೆಳಗೆ ತುಳಿಯುವವರು ತುಳಿದರು, ಮೇಲೆ ಎಸೆಯುವವರು ಎಸೆದರು.

ಅಧಿಕಾರಿಗೆ ಬಟ್ಟೆ ಕಂಡಿತು. ಕಾಲುಗಳನ್ನು ಹುಡುಕುವ ಅಭ್ಯಾಸ ಅಧಿಕಾರಿಗಳಿಗೆ ಇರುವುದಿಲ್ಲ. ಶಾಲೆ ಹೀಗೆಯೇ ಉಳಿಯಲಿ ಎಂದರು. ಫೋಟೋಕ್ಕೆ ಬನ್ನಿ ಎಂದು ಮೇಷ್ಟರನ್ನು ಕರೆದರು. ಮೇಷ್ಟರು ಏಳಲಿಲ್ಲ.

ಕೆಂಪಾಜಮ್ಮ ಕಿವಿಯ ಬಳಿ ಬಾಗಿದರು. "ಎದ್ದೆ ಅಂದ್ಬುಟ್ಟು ಎದ್ಬುಡಿ ಸಾ. ಅವ್ರೇ ಜಾಗ ಕೊಟ್ಟವ್ರಲ್ಲ, ನೀವೇ ಆ ಮನೆಯೋರಾಯ್ತೀರಿ. ಅವ್ರು ಓಯ್ತಾರೆ."

"ಇವರು ಅಂದು ಅರ್ಧಕ್ಕೆ ಬಿಟ್ಟುಹೋದ ಸೀರೆಯನ್ನೇ ನೇಯುತ್ತಿದ್ದಾರೆ," ಎಂದರು ಷಡಕ್ಷರಿ, ಲಾಳಿಯಿಂದ ಕಣ್ಣು ತೆಗೆಯದೆ. "ಈಗಷ್ಟೇ ಸೆರಗಿಗೆ ಬಂದಿದ್ದಾರೆ. ಈಗ ಏಳಿ ಎನ್ನಲೇ?"

"ಸೆರಗು ಮುಗಿಯೋದು ಯಾವಾಗ?"

"ಕೇಳಿದೆ. ಹೇಳುತ್ತಿಲ್ಲ."

೭

ಅವರು ಎದ್ದರೋ ಇಲ್ಲವೋ? ಎರಡನ್ನೂ ಬರೆದು ನೋಡಿದ್ದೇನೆ. ಎದ್ದರೆಂದು ಬರೆದ ಪುಟದಲ್ಲಿ ಹಲಗೆಗಳು ನಿಂತವು, ಹುಡುಗಿಯರು ನಿಶ್ಚಿಂತೆಯಿಂದ ಕಲಿತರು, ಷಡಕ್ಷರಿ ಮಾತ್ರ ಆಮೇಲೆ ಯಾವ ಕುರ್ಚಿಯಲ್ಲೂ ಕಾಲು ಇಳಿಬಿಟ್ಟು ಕೂರಲಿಲ್ಲ. ಏಳಲಿಲ್ಲವೆಂದು ಬರೆದ ಪುಟದಲ್ಲಿ ಅವರ ಹೆಂಡತಿ ಗುರುಬಸಮ್ಮ ಹಜಾರಕ್ಕೇ ಊಟ ತಂದರು. ಗಂಡನ ಮುಖವನ್ನೂ ಕುಣಿಯನ್ನೂ ನೋಡಿ, ಏನೂ ಕೇಳದೆ ಎರಡು ಎಲೆ ಹಾಕಿದರು.

ಯಾವ ಪುಟವನ್ನು ಹರಿಯಲಿ? ನನ್ನ ಕೈ ಎರಡಕ್ಕೂ ಬರುತ್ತಿಲ್ಲ. ನೀವು ನನ್ನನ್ನು ಅಂಜುಬುರುಕನೆನ್ನಬಹುದು. ನನ್ನ ಮೇಷ್ಟರು ಇದ್ದಿದ್ದರೆ ಸೊನ್ನೆಯನ್ನೇ ಕೊಡುತ್ತಿದ್ದರು.

ಓದಿ ನಿಲ್ಲಿಸಿದೆ. ವಿಜಯಮ್ಮ ಜಗುಲಿಯಿಂದ ಇಳಿಬಿಟ್ಟಿದ್ದ ಕಾಲುಗಳನ್ನು ಮೇಲಕ್ಕೆಳೆದುಕೊಂಡು, ಲಂಗದಿಂದ ಪಾದಗಳನ್ನು ಮುಚ್ಚಿಕೊಂಡಳು.

"ತಾತ, ಅವ್ರು ಕಾಲು ಇಳಿಸಿದ್ರಲ್ಲ, ಅಲ್ಲಿಂದ ಇನ್ನೊಂದ್ ಸಲ ಓದಿ," ಎಂದಳು. "ಒಸಿ ಮೆತ್ತಗೆ."