ಶಂಕ್ರವ್ವ ತುಳಿದ ಮಣ್ಣು

ನಾನು ಒಂದು ಹಸಿ ಇಟ್ಟಿಗೆ. ಭಟ್ಟಿಯ ಮುಖ ಕಂಡಿಲ್ಲ, ಬಿಸಿಲಲ್ಲೇ ಒಣಗಿ ಗಟ್ಟಿಯಾದೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಕೊಪ್ಪಳದ ಕಡೆಯ ಕೆಮ್ಮಣ್ಣು, ಕೆರೆ ನೀರು, ಗೋದಿ ಹೊಟ್ಟು, ಇಷ್ಟೇ ನನ್ನ ಕುಲಗೋತ್ರ. ನನ್ನನ್ನು ತುಳಿದು ಹದ ಮಾಡಿದವಳು ಶಂಕ್ರವ್ವ. ಆಗವಳು ಬಸುರಿ. ಕೆಸರಲ್ಲಿ ಸೊಂಟ ಹಿಡಿದು ನಿಂತು, "ಒಳಗಿಂದ ನೀನೂ ತುಳಿಯಾಕ ಹತ್ತೀ ಏನ?" ಎಂದು ಹೊಟ್ಟೆಯ ಕೂಸನ್ನು ಕೇಳಿ ನಗುತ್ತಿದ್ದಳು. ಅವಳ ಗಂಡ ಯಮನಪ್ಪ ನನ್ನನ್ನು ಅಚ್ಚಿಗೆ ಹಾಕಿ, ಒಣಗಿಸಿ, ಒಳಕೋಣೆಯ ಗೋಡೆಯ ಕೆಳಸಾಲಿನಲ್ಲಿ ಕೂರಿಸಿದ.

ಆ ಕೋಣೆಯಲ್ಲೇ ಮಗಳು ರೇಣವ್ವ ಹುಟ್ಟಿದಳು. ಅಂಬೆಗಾಲಿಟ್ಟು ಬಂದು ನನ್ನನ್ನು ಕೆರೆದು ಕೆರೆದು ತಿನ್ನುತ್ತಿದ್ದಳು. ಅವ್ವನಿಂದ ಎಷ್ಟು ಬೈಸಿಕೊಂಡರೂ ಬಿಡಲಿಲ್ಲ. ನನಗಂತೂ ಖುಷಿಯೋ ಖುಷಿ!

ಅವಳ ಮದುವೆ ಬಂತು. ಬೀಗರ ಮುಂದೆ ಮಣ್ಣಿನ ಗೋಡೆ ಕಾಣಬಾರದೆಂದು ಯಮನಪ್ಪ ಮನೆಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದ. ಬೀಗರು ಹೊಗಳಿದರು ಬಿಡಿ. ನನಗೆ ಮಾತ್ರ ಉಸಿರು ಕಟ್ಟಿತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ನನ್ನೊಳಗೇ ಕೂತಿತು. ವರ್ಷ ಕಳೆಯುವುದರಲ್ಲಿ ನಾನು ಒಳಗೊಳಗೇ ಮೆತ್ತಗಾದೆ.

ಅಷ್ಟರಲ್ಲಿ ರೇಣವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಸುದ್ದಿ ಬಂತು. ಶಂಕ್ರವ್ವ ಗೋಡೆಗೆ ಅಂಗೈ ಇಟ್ಟು ನೋಡಿದಳು.

"ಗ್ವಾಡಿ ತೊಯ್ದು ತೊಪ್ಪಿ ಆಗೇತಿ. ಇದರಾಗ ಬಾಣಂತೀನ ಮಲಗಸ್ತೀರೇನ್ರೀ?"

"ಇನ್ನೊಂದು ಸಲ ಸಿಮೆಂಟ್ ಹಚ್ಚಿದ್ರಾತು ಬಿಡ," ಎಂದ ಯಮನಪ್ಪ.

"ಹಚ್ಚಿದ್ದಕ್ಕ ಹಿಂಗಾಗೇತಿ! ಮಗಳು ಬರೂದ್ರಾಗ ಕೋಣಿ ಒಣಗಬೇಕು. ಮೊದಲ ಇದನ್ನ ಕೀಳ್ರಿ."

ಯಮನಪ್ಪ ಗೊಣಗುತ್ತಲೇ ಗೋಡೆಗೆ ಆಸರೆ ಕೊಟ್ಟು ಹಾರೆಯಿಂದ ಮೀಟಿದ. ಸಿಮೆಂಟಿನ ಜೊತೆ ನಾನೂ ಪುಡಿಪುಡಿಯಾಗಿ ಉದುರಿದೆ. ಮುಗೀತು ನನ್ನ ಕಥೆ, ಇನ್ನು ತಿಪ್ಪೆಯೇ ಗತಿ ಅಂದುಕೊಂಡೆ. ಶಂಕ್ರವ್ವ ಸಿಮೆಂಟಿನ ಚೂರುಗಳನ್ನು ಆರಿಸಿ ಎಸೆದು, ನನ್ನನ್ನು ಬುಟ್ಟಿಗೆ ತುಂಬಿಕೊಂಡಳು. ನೀರು ಹಾಕಿ, ಹೊಸ ಹೊಟ್ಟು ಬೆರೆಸಿದಳು. ತುಳಿಯಲು ಅವಳ ಮೊಣಕಾಲು ಕೇಳಲಿಲ್ಲ.

"ಹಚ್ಚಿಸಿದವರು ನೀವ, ತುಳಿಯವರೂ ನೀವ!" ಎಂದಳು.

ಯಮನಪ್ಪ ಮೀಸೆಯಲ್ಲೇ ನಗುತ್ತ ಧೋತರ ಮೇಲೆ ಕಟ್ಟಿ ಕೆಸರಿಗಿಳಿದ.

ಬೇಸಿಗೆಯ ಬಿಸಿಲಿಗೆ ಒಣಗಿ ಮತ್ತೆ ಇಟ್ಟಿಗೆಯಾದೆ, ಮತ್ತೆ ಅದೇ ಕೆಳಸಾಲು ಸೇರಿದೆ. ಈ ಸಲ ಮೈಗೆ ಮಣ್ಣು ಸೆಗಣಿಯ ಗಿಲಾವು. ರೇಣವ್ವ ಬರುವ ಹೊತ್ತಿಗೆ ಕೋಣೆ ಬೆಚ್ಚಗೆ ಒಣಗಿತ್ತು. ಅವಳ ಮಗಳು ಅಲ್ಲೇ ಹುಟ್ಟಿದಳು. ಸುಟ್ಟ ಇಟ್ಟಿಗೆಗೆ ಇಂಥ ಮರುಹುಟ್ಟು ಎಲ್ಲಿಂದ ಬರಬೇಕು? ತುಳಿದ ಆ ನಾಲ್ಕು ಕಾಲುಗಳ ಋಣ ನಾನು ಎಂದಿಗೂ ತೀರಿಸಲಾರೆ.

ಮೊನ್ನೆ ರೇಣವ್ವ ತವರಿಗೆ ಬಂದಾಗ ಆ ಕೂಸು ಅಂಬೆಗಾಲಿಡುತ್ತ ನನ್ನ ಹತ್ತಿರ ಬಂತು. ಪುಟ್ಟ ಉಗುರಿನಿಂದ ಕೆರೆದು ಬೆರಳು ಬಾಯಿಗಿಟ್ಟುಕೊಂಡಿತು.

"ಏ ಕಳ್ಳಿ! ಥೇಟ್ ನಿಮ್ಮವ್ವನ್ಹಂಗ!" ಎಂದು ಶಂಕ್ರವ್ವ ಓಡಿ ಬಂದಳು.

ಬೈಯಲಿ ಬಿಡಿ. ಮಗು ನಾಳೆಯೂ ಬರುತ್ತದೆ.