ಚಕ್ಕುಬಂದಿ ದಾಟಿದ ನೋವು

ಬೆಳಕಿಂಡಿಯ ಗಾಜಿನಿಂದ ಇಳಿದ ಬಿಸಿಲಿನ ಚುಕ್ಕೆ ಈಗಷ್ಟೇ ಲಿಂಗದ ನೆತ್ತಿಗೆ ಬಂದು ಕುಳಿತಿದೆ, ಸಾಸಿವೆಯಷ್ಟು, ಕಪ್ಪು ಮೈಯ ಮೇಲೆ ಒಂದು ಬಿಳಿಯ ಕಾಳು, ನಡುಗುತ್ತಿದೆ — ಅಲ್ಲ, ನಡುಗುತ್ತಿರುವುದು ಚುಕ್ಕೆಯಲ್ಲ, ನನ್ನ ಅಂಗೈ, ಅರುವತ್ತು ವರ್ಷಗಳಲ್ಲಿ ಒಂದು ಬೆಳಗ್ಗೆಯೂ ನಡುಗದ ಎಡ ಅಂಗೈ, ಇಷ್ಟಲಿಂಗವನ್ನಿಟ್ಟುಕೊಂಡು ಎದೆಯ ಮಟ್ಟಕ್ಕೆ ಎತ್ತಿದರೆ ಕಲ್ಲಿನ ತೊಲೆಯಂತೆ ನಿಲ್ಲುತ್ತಿದ್ದ ತೋಳು, ಇಂದೇಕೆ ಮೊಣಕೈಯಿಂದ ಕಿರುಬೆರಳಿನವರೆಗೆ ಈ ಜೋಮು, ಬಹಳ ಹೊತ್ತು ಹಿಡಿದದ್ದರಿಂದ ಇರಬೇಕು, ಹಿಡಿದ ಕೈ ನೋಯದೆ ಇನ್ನೇನಾದೀತು, ನಮಃ ಶಿವಾಯ, ಅಡುಗೆಮನೆಯಲ್ಲಿ ಪಂಪಮ್ಮ ರೊಟ್ಟಿ ಬಡಿಯುತ್ತಿದ್ದಾಳೆ, ತಪತಪ, ಗೋಡೆಯಾಚೆ ಮಸ್ತಾನಸಾಬ ಯಾವುದೋ ಗಾಡಿಯ ತಗಡನ್ನು ಸುತ್ತಿಗೆಯಿಂದ ಬಡಿಯುತ್ತಿದ್ದಾನೆ, ಠಣ್, ಠಣ್, ಈ ಎರಡು ಬಡಿತಗಳ ನಡುವೆ ನನ್ನ ಎದೆಯ ಬಡಿತವೊಂದೇ ತಾಳ ತಪ್ಪಿದೆ. ಹಿಡಿದ ಕೈ ನೋಯುತ್ತದೆ, ಸರಿ. ಆದರೆ ದವಡೆ? ದವಡೆಯಲ್ಲಿ ನಾನೇನನ್ನು ಹಿಡಿದಿದ್ದೇನೆ?

ಹಳೆಯ ನೋವನ್ನು ನಾನು ಬಲ್ಲೆ, ಹರಪನಹಳ್ಳಿಯ ರಿಜಿಸ್ಟ್ರಿ ಕಚೇರಿಯ ಪಡಸಾಲೆಯಲ್ಲಿ ಕುಳಿತು ನಲವತ್ತು ವರ್ಷ ಪರರ ಹೊಲ ಮನೆಗಳ ಪತ್ರ ಬರೆದವನು, ನನ್ನ ಎದೆಯ ಪತ್ರ ನನಗೆ ಬಾರದೇ ಇದ್ದೀತೇ, ಸದರಿ ನೋವಿಗೆ ಚಕ್ಕುಬಂದಿ — ಪೂರ್ವಕ್ಕೆ ಎಡ ಮೊಲೆತೊಟ್ಟು, ಪಶ್ಚಿಮಕ್ಕೆ ಎದೆಯ ನಡು ಎಲುಬು, ಉತ್ತರಕ್ಕೆ ಗಂಟಲ ಗುಳಿ, ದಕ್ಷಿಣಕ್ಕೆ ಪಕ್ಕೆಲುಬಿನ ಕೊನೆ — ಎರಡು ವರ್ಷದ ಹಿಂದೆ ತೆಲಿಗಿಯಲ್ಲಿ ಬಸ್ಸಿಗೆ ಓಡಿದ ದಿನ ಬಂದು ನೆಲೆಸಿದ್ದು, ಅಂದಿನಿಂದ ಆ ನಾಲ್ಕು ಎಲ್ಲೆಗಳೊಳಗೇ ಇತ್ತು, ಏರು ಹತ್ತಿದರೆ ಬರುವುದು, ನಿಂತರೆ ಇಳಿಯುವುದು, ಇಳಿಯದಿದ್ದರೆ ನಾಲಿಗೆಯಡಿ ಒಂದು ಗುಳಿಗೆ, ಅದನ್ನೂ ಮೊದಲು ಲಿಂಗಕ್ಕೆ ಮುಟ್ಟಿಸಿಯೇ ಬಾಯಿಗೆ, ಅರ್ಪಿಸದೆ ನೀರನ್ನೂ ಮುಟ್ಟಿದವನಲ್ಲ. ದಾವಣಗೆರೆಯ ಡಾಕ್ಟರು ನಕ್ಕಿದ್ದರು, ಮುಟ್ಸಿ ತಗೊಳ್ರಿ ಯಜಮಾನ್ರೆ, ಬ್ಯಾಡ ಅನ್ನಲ್ಲ, ಆದ್ರೆ ಒಂದು ಮಾತು ನೆನಪಿಟ್ಕೊಳ್ರಿ, ಸುಮ್ನೆ ಕೂತಾಗ ಬಂತು ಅಂದ್ರೆ, ಬ್ಯಾರೆ ಕಡಿಗೆ ಹಬ್ಬಿತು ಅಂದ್ರೆ, ಗುಳಿಗಿಗೆ ಬಗ್ಗಲಿಲ್ಲ ಅಂದ್ರೆ, ಅದು ಹಳೇ ನೋವಲ್ಲ, ಇದ್ದಲ್ಲಿಂದ ಎದ್ದು ಬರಬೇಕು, ಆಮೇಲೆ ನೋಡಣ ಅನ್ನಂಗಿಲ್ಲ. ಮಸ್ತಾನಸಾಬ ಅದನ್ನೇ ತನ್ನ ಭಾಷೆಯಲ್ಲಿ ಹೇಳಿದ್ದ, ಊರಿಗೆಲ್ಲ ಕೇಳುವಂತೆ, ಪಂಚಾಕ್ಷರಪ್ಪನೋರ, ನಿಮ್ಮ ಎದಿ ನನ್ನ ಜೀಪಿನ ಇಂಜಿನ್ ಇದ್ದಂಗ ನೋಡ್ರಿ, ಏರಿನಾಗ ಕೆಮ್ಮತೈತಿ, ಕೆಮ್ಮಲಿ ಬಿಡ್ರಿ, ನಿಂತಲ್ಲೇ ಕೆಮ್ಮಿದ್ರ ಮಾತ್ರ ನನ್ನ ಕೂಗ್ರಿ, ನಡುರಾತ್ರಿ ಆದ್ರೂ ಗಾಡಿ ತಯಾರೈತಿ. ನಾನು ಬಿಗುವಾಗಿ ಉತ್ತರಿಸಿದ್ದೆ, ನಿನ್ನ ಜೀಪಿನಾಗ ಕುಂತ್ರ ಎದಿ ಗಟ್ಟಿ ಇದ್ದೋನೂ ಸಾಯ್ತಾನೋ ಮಾರಾಯ, ಇಬ್ಬರೂ ನಕ್ಕೆವು, ಈಗ ನಾನು ನಿಂತಿಲ್ಲ, ಕುಳಿತಿದ್ದೇನೆ, ಮಣೆಯ ಮೇಲೆ ಕಾಲು ಮಡಿಸಿ ಸುಮ್ಮನೆ ಕುಳಿತಿದ್ದೇನೆ, ಕೆಮ್ಮುತ್ತಿದೆ.

ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿಯುತ್ತಿದೆ, ತಣ್ಣನೆಯ ಬೆವರು, ಗುಳಿಗೆಯನ್ನಿಟ್ಟು ಒಂದು ಸುತ್ತು ಜಪವಾಯಿತು, ನೂರೆಂಟು, ಎರಡನೆಯದನ್ನಿಟ್ಟು ಅರ್ಧ ಸುತ್ತು, ಇಳಿಯಲಿಲ್ಲ, ಉತ್ತರದ ಎಲ್ಲೆ ಗಂಟಲನ್ನು ದಾಟಿ ದವಡೆಗೆ ಹೋಗಿದೆ, ಪೂರ್ವದ ಎಲ್ಲೆ ಕಂಕುಳನ್ನು ದಾಟಿ ತೋಳಿಗೆ, ಇದು ಹಿಡಿದ ಕೈಯ ನೋವಲ್ಲ, ಪಂಚಾಕ್ಷರಪ್ಪಾ, ಸುಳ್ಳು ಪತ್ರ ಬರೆಯಬೇಡ, ಕೂಗು, ಆದರೆ ಇನ್ನೂ ಅರ್ಧ ಸುತ್ತು ಉಳಿದಿದೆ, ಪೂಜೆಯ ನಡುವೆ ಬಾಯಿ ತೆರೆದವರು ನಮ್ಮ ಮನೆತನದಲ್ಲಿ ಯಾರಿದ್ದಾರೆ, ಅಪ್ಪ ಏಕಾಂತಪ್ಪನವರು, ನಮ್ಮೂರು ಇಟ್ಟಿಗಿಯಲ್ಲಿ, ಬಣವೆಗೆ ಬೆಂಕಿ ಬಿದ್ದ ಮುಂಜಾನೆ, ಬಾಗಿಲಲ್ಲಿ ಜನ ಕೂಗುತ್ತಿದ್ದಾರೆ, ಏಕಾಂತಪ್ಪನೋರ, ಬಣವಿ ಹೊತ್ಕೊಂಡೈತ್ರಿ, ಏಳ್ರೀ, ಅಪ್ಪನ ಕಣ್ಣು ಲಿಂಗದಿಂದ ಕದಲಲಿಲ್ಲ, ನೂರೆಂಟು ಮುಗಿಸಿ, ಲಿಂಗವನ್ನು ಕಟ್ಟಿಕೊಂಡು, ಗಂಟೆ ಬಾರಿಸಿ ಎದ್ದರು, ಇಂದಿಗೂ ಮದುವೆ ಮನೆಗಳಲ್ಲಿ ನೆಂಟರು ಹೇಳುತ್ತಾರೆ, ನಿಷ್ಠಿ ಅಂದ್ರ ಅದು, ನಾನೂ ಎದೆಯುಬ್ಬಿಸಿ ಕೇಳಿದ್ದೇನೆ, ನಾನೇ ಎಷ್ಟೋ ಸಲ ಹೇಳಿದ್ದೇನೆ, ಆದರೆ ಬಣವೆಯ ಪಕ್ಕದಲ್ಲಿ ಕಟ್ಟಿದ್ದ ಕರುವಿನ ಮಾತನ್ನು ಯಾರೂ ಹೇಳುವುದಿಲ್ಲ, ನಾನೂ ಹೇಳಿಲ್ಲ, ಹಗ್ಗ ಬಿಚ್ಚುವ ಧೈರ್ಯ ಯಾರಿಗೂ ಆಗಲಿಲ್ಲ, ಯಜಮಾನರು ಎದ್ದು ಒಂದು ಮಾತು ಹೇಳಲಿ ಎಂದು ಎಲ್ಲರೂ ಕಾದರು, ಕರಿಯ ಕರು, ಅದರ ಕಣ್ಣಿನ ಕಪ್ಪಿನಲ್ಲಿ ಒಂದು ಚುಕ್ಕೆ ಬೆಳಕು, ಬೆಂಕಿಯದು, ಸಾಸಿವೆಯಷ್ಟು.

ಚುಕ್ಕೆ ನಡುಗುತ್ತಿದೆ, ಲಿಂಗ ಜಾರಿದರೆ — ಛೆ, ಆ ಮಾತನ್ನು ನೆನೆಯಲೂ ಬಾರದು, ಬಲಗೈಯನ್ನು ಕೆಳಗೆ ಕೊಟ್ಟಿದ್ದೇನೆ, ಬಲಗೈಯಲ್ಲಿಯೂ ಬಲವಿಲ್ಲ, ಗಂಟೆ ಒಂದು ಮೊಳ ದೂರದಲ್ಲಿದೆ, ಕೈ ಬಿಡುವಂತಿಲ್ಲ, ಮುಗಿಯದ ಪೂಜೆಗೆ ಮುಗಿಯಿತೆಂದು ಗಂಟೆ ಬಾರಿಸುವಂತೆಯೂ ಇಲ್ಲ, ಗಂಟೆ ಕೇಳದೆ ಪಂಪಮ್ಮ ಬರುವುದಿಲ್ಲ, ನಾನೇ ಹಾಗೆ ಮಾಡಿದ್ದೇನೆ, ಮದುವೆಯಾದ ಮೊದಲ ವರ್ಷ, ಹದಿನಾರರ ಹುಡುಗಿ, ತವರಿನಿಂದ ಅಣ್ಣ ಬಂದ ಸಂತೋಷಕ್ಕೆ ಹೊಸ್ತಿಲು ದಾಟಿ ಓಡಿ ಬಂದಳು, ರೀ, ನಮ್ಮಣ್ಣ ಬಂದಾನ್ರಿ, ನಾನೇನೂ ಬೈಯಲಿಲ್ಲ, ಆ ದಿನವೆಲ್ಲ ಊಟ ಬಿಟ್ಟೆ, ಅಷ್ಟೇ, ನಲವತ್ತೈದು ವರ್ಷ ಅವಳು ಈ ಹೊಸ್ತಿಲಾಚೆ ಕಿವಿಯೊಂದನ್ನೇ ಇಟ್ಟುಕೊಂಡು ಬದುಕಿದ್ದಾಳೆ, ಈಗ ಗೋಡೆಯಾಚೆ ಜೀಪಿದೆ, ಒಲೆಯ ಮುಂದೆ ಅವಳಿದ್ದಾಳೆ, ನಡುವೆ ನನ್ನ ಬಾಯಿ ಇದೆ, ಇದೊಂದು ಹಗ್ಗವನ್ನು ಬಿಚ್ಚಬೇಕಾದವನು ನಾನು, ಯಜಮಾನ ಒಂದು ಮಾತು ಹೇಳಲಿ ಎಂದು ಎಲ್ಲರೂ ಕಾಯುತ್ತಿದ್ದಾರೆ, ನೋವು ಬೆನ್ನನ್ನು ಹಿಡಿಯಿತು, ಚಕ್ಕುಬಂದಿಯೇ ಇಲ್ಲ ಇದಕ್ಕೆ, ಶಿವನೇ —

ಪಂಪಾ.

ಯಾರ ದನಿ ಇದು, ಹರಿದ ಬಟ್ಟೆಯಂಥ ದನಿ, ಏ ಕೇಳಿಲ್ಲಿ ಎನ್ನುವುದನ್ನು ಬಿಟ್ಟು ನಾನೆಂದೂ ಅವಳನ್ನು ಹೆಸರು ಹಿಡಿದು ಕೂಗಿದವನಲ್ಲ, ತಪತಪ ನಿಂತಿತು, ಬಳೆ ಸದ್ದು, ಹೆಜ್ಜೆ, ಹೊಸ್ತಿಲಾಚೆಯೇ ನಿಂತಳು, ಕರೆದ್ರೇನ್ರಿ, ಪೂಜಿ ಮುಗೀತಾ, ಗಂಟಿ ಕೇಳಲಿಲ್ಲ, ಮುಗಿದಿಲ್ಲ ಎಂದೆ, ಮುಗಿದಿಲ್ಲ, ಒಳಗ ಬಾ. ಅವಳು ಬರಲಿಲ್ಲ, ಒಂದು ಉಸಿರಿನಷ್ಟು ಹೊತ್ತು, ನಲವತ್ತೈದು ವರ್ಷದಷ್ಟು ಹೊತ್ತು, ಆಮೇಲೆ ಬಂದು ಪಕ್ಕದಲ್ಲಿ ಕುಳಿತಳು, ಅಯ್ಯೋ ನನ್ನ ಶಿವನ, ಏನಾತ್ರಿ, ಮೈಯೆಲ್ಲ ನೀರಾಗೈತಲ್ರಿ, ಹೊಸ ನೋವು ಎಂದೆ, ಮಸ್ತಾನಗ ಹೇಳು, ಹೇಳಲು ಅವಳು ಎದ್ದು ಹೋಗಲಿಲ್ಲ, ಕುಳಿತಲ್ಲಿಂದಲೇ ಗೋಡೆಯತ್ತ ಕೂಗಿದಳು, ಮನೆಯೆಲ್ಲ ಅದುರುವಂತೆ, ಮಸ್ತಾನಣ್ಣಾ, ಜೀಪ್ ತಗೀಯಪ್ಪೋ, ದಾವಣಗೆರಿಗೆ, ಲಗೂನ — ಇಷ್ಟು ದೊಡ್ಡ ದನಿ ಇವಳಲ್ಲಿ ಎಲ್ಲಿತ್ತು — ಠಣ್ ನಿಂತಿತು, ಬಂದೆ ತಂಗೀ, ಎಬ್ಬಿಸಿ ನಡಸಬ್ಯಾಡ, ನಾವು ಎತ್ಕೊಂಡು ಹೋಗ್ತೀವಿ, ಇಂಜಿನ್ ಒಮ್ಮೆ ಕೆಮ್ಮಿತು, ಹಿಡಿಯಿತು, ಗುರುಗುಟ್ಟುತ್ತಿದೆ, ಅವಳ ಹಿಟ್ಟಿನ ಕೈ ನನ್ನ ಕೈಯ ಕೆಳಗೆ ಬಂತು, ಲಿಂಗವನ್ನು ಮುಟ್ಟದೆ, ನನ್ನ ಅಂಗೈಯನ್ನು ಮಾತ್ರ ಹೊತ್ತುಕೊಂಡಿತು, ಬಿಸಿ, ಜೋಳದ ವಾಸನೆ, ಇನ್ನು ಎಷ್ಟು ಜಪ ಉಳಿದಿತ್ತು, ಲೆಕ್ಕ ತಪ್ಪಿತು, ತಪ್ಪಲಿ, ಹಗ್ಗ ಬಿಚ್ಚಿತು, ಕಪ್ಪು, ಕಪ್ಪಿನ ಮೇಲೆ ಚುಕ್ಕೆ, ಸಾಸಿವೆಯಷ್ಟು ಬೆಳಕು, ನಡುಗುತ್ತಿಲ್ಲ, ಅವಳ ಕೈಯ ಮೇಲೆ ನನ್ನ ಕೈ, ನನ್ನ ಕೈಯ ಮೇಲೆ ಕಪ್ಪು, ಕಪ್ಪಿನ ಮೇಲೆ ಚುಕ್ಕೆ, ನಡುಗುತ್ತಿಲ್ಲ, ಚುಕ್ಕೆ —