ಎಂಜಲಾದ ಸಾರು

ಆ ಲಂಗ ಇನ್ನೂ ನನ್ನ ಹತ್ತಿರ ಇದೆ. ತೊಂಬತ್ತಾರರ ಬೇಸಿಗೆಯಲ್ಲಿ ದೊಡ್ಡಗಾಜನೂರಿನ ತವರಿಗೆ ಹೋದಾಗ ಮಗಳಿಗೆಂದು ಹೊಲಿಸಿಕೊಂಡು ಹೋಗಿದ್ದೆ. ಮೊಳಕಾಲಿಗೇ ನಿಂತಿತು. ಐದು ವರ್ಷದ ಮಂಗಳಗೌರಿ ಅದನ್ನು ಬಿಚ್ಚಿ, ಮಡಚಿ, ನನ್ನ ಕೈಗೇ ಕೊಟ್ಟಳು.

"ನೀವೇ ಮಡಗಿಕಳಿ."

ನೀವು. ನೆಂಟರಿಗೆ ಹೇಳುವ ಮಾತು.

ನಾನೂ ಯಜಮಾನರೂ ಮದ್ರಾಸಿನಲ್ಲಿ ಕೆಲಸಕ್ಕಿದ್ದೆವು. ನೋಡಿಕೊಳ್ಳುವವರಿಲ್ಲದೆ ಮಗುವನ್ನು ನನ್ನ ಅವ್ವನ ಹತ್ತಿರ ಬಿಟ್ಟಿದ್ದೆವು. ಜೂನಿಗೆ ಶಾಲೆ, ಈ ಸಲ ಕರೆದುಕೊಂಡು ಹೋಗಲೇಬೇಕು. ಎತ್ತಿಕೊಂಡು ಬಸ್ಸು ಹತ್ತುವುದು ಕಷ್ಟವಲ್ಲ. ಅವಳಾಗಿ ಬರಲಿ ಎಂಬುದು ನನ್ನ ಆಸೆ.

ನನ್ನ ಕೆಲಸವೂ ಇಂಥದ್ದೇ. ಕಂಪ್ಯೂಟರಿನೊಳಗೆ ಲೆಕ್ಕದಿಂದಲೇ ಕಟ್ಟಿದ ಒಂದು ಸಮುದ್ರ. ಅದರ ಪಾಡಿಗೆ ಬಿಟ್ಟರೆ ನಿಜವಾದ ಸಮುದ್ರದಿಂದ ದೂರ ಸರಿದುಬಿಡುತ್ತದೆ. ಹಡಗಿನವರು ಅಲ್ಲಲ್ಲಿ ಅಳೆದು ಕಳಿಸಿದ ನೀರಿನ ಶಾಖ, ಉಪ್ಪು ಅದರೊಳಗೆ ಬೆರೆಸಿ ದಾರಿಗೆ ತರಬೇಕು. ಒಂದೇ ಸಲ ತುರುಕಿದರೆ ಎಲ್ಲೂ ಇಲ್ಲದ ಅಲೆಗಳೆದ್ದು ಲೆಕ್ಕವೆಲ್ಲ ಕುಲುಕಾಡುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಬೇಕು. ಇಷ್ಟೆಲ್ಲ ಗೊತ್ತಿದ್ದವಳು ಹೋದ ದೀಪಾವಳಿಯಲ್ಲಿ ಕಂಡ ಮಗುವಿನ ಅಳತೆಗೇ ಲಂಗ ಹೊಲಿಸಿದ್ದೆ.

ಸೋಮವಾರ ಮಾದಪ್ಪನಿಗೆ ಎಡೆ. ಒಲೆಯ ಮೇಲೆ ಬೇಳೆ ಸಾರು ಕುದಿಯುತ್ತಿತ್ತು. ಅವ್ವ ಹೂ ಕೊಯ್ಯಲು ಹಿತ್ತಿಲಿಗೆ ಹೋದಳು. ಅಳೆದು ನೋಡದೆ ಏನನ್ನೂ ನಂಬದ ಅಭ್ಯಾಸ ನನ್ನದು. ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಬಾಗಿಲಲ್ಲಿದ್ದ ಮಗಳು ಕೂಗಿದಳು.

"ಅಜ್ಜಿ, ಇವ್ರು ಎಡೆ ಸಾರ್ನ ಎಂಜ್ಲು ಮಾಡ್ಬುಟ್ರು."

ದೇವರಿಗಿಂತ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ನಾನೂ ಆ ಮನೆಯಲ್ಲೇ ಕಲಿತದ್ದು.

ಅವ್ವ ಬಂದು ಪಾತ್ರೆ ಇಳಿಸಿದಳು. "ಸಮುದ್ರದ ಉಪ್ಪು ನೋಡೋಳ್ಗ ನಮ್ಮನೆ ಸಾರು ಯಾವ ಲೆಕ್ಕ. ಇದ್ನ ನೀನೇ ಉಣ್ಣು. ಮಂಗಳಿ, ಇನ್ನೊಂದ್ಸಲ ಇಡ್ತೀನಿ. ಇವಳ ಕೈ ಕಾಯ್ಕಂಡು ಇಲ್ಲೇ ಕುಂತ್ಕಮ್ಮಿ."

ಮಗಳು ಒಲೆಗೂ ನನಗೂ ನಡುವೆ ಕುಳಿತಳು. ತಬ್ಬಿಕೊಳ್ಳಬೇಕೆನಿಸಿತು. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ಹೊಸ ಬೇಳೆ ಬೇಯತೊಡಗಿತು. ಆಮೇಲೆ ಅವಳೇ ಕೇಳಿದಳು.

"ಸಮುದ್ರದ ಉಪ್ಪ ಎಂಗ್ ನೋಡ್ತರ? ನೆಕ್ಕಿ?"

"ಇಲ್ಲ ಕಣಮ್ಮಿ. ಹಡಗ್ನಿಂದ ಒಂದು ಡಬ್ಬ ಇಳಿಬುಡ್ತರ. ಅದು ಯೋಳ್ತದ."

"ಎಲ್ಲಾ ಸಮುದ್ರಕ್ಕೂವ?"

"ಅಷ್ಟು ಡಬ್ಬ ಎಲ್ಲವ್ವ? ಅಲ್ಲೊಂದ್ಕಡ, ಇಲ್ಲೊಂದ್ಕಡ. ಮಿಕ್ಕದ್ದು ಅಂದಾಜು."

"ಅಂದಾಜು ತಪ್ಪಾದ್ರ?"

"ಲಂಗ ಚಿಕ್ದಾಯ್ತದ."

ಅವಳು ನಗಲಿಲ್ಲ. ತನ್ನ ಮೊಳಕಾಲು ನೋಡಿಕೊಂಡಳು. ಮತ್ತೆ ಕೊಂಚ ನನ್ನತ್ತ ಸರಿದಳು, ಕಾವಲಿಗೋ ಏನೋ.

ಎಡೆ ಇಟ್ಟು, ಮಂಗಳಾರತಿ ಮುಗಿಸಿ, ಅವ್ವ ಮೊದಲ ತೊಟ್ಟು ಅವಳ ಅಂಗೈಗೆ ಬಿಟ್ಟಳು. ಆ ಮನೆಯ ಉಪ್ಪು ನೋಡುವವಳು ಅವಳೇ ಅಂತೆ. ಅರ್ಧ ನೆಕ್ಕಿ ಹುಬ್ಬು ಗಂಟಿಕ್ಕಿದಳು. ಆಮೇಲೆ ಆ ಎಂಜಲು ಕೈಯನ್ನೇ ನನ್ನ ಬಾಯಿಗೆ ತಂದಳು.

"ಸಪ್ಪಗದ. ನೀ ನೋಡು."

ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು.

"ಊಂ ಕಣಮ್ಮಿ, ಸಪ್ಪಗದ" ಎಂದೆ. ಜೀವಮಾನದಲ್ಲಿ ನಾನು ಸುಳ್ಳು ಬರೆದುಕೊಂಡ ಅಳತೆ ಅದೊಂದೇ.